ಹಳೇ ಕೂಲ್‌ಸ್ಕ್ಯಾನ್ 9000 ಆನ್‌ಲೈನ್‌ನಲ್ಲಿ ಸಿಕ್ಕಿದೆ, ತಗೊಳ್ಳಲಾ ಬೇಡವಾ?

ಹಳೇ_ಸ್ಟುಡಿಯೋ (ಹುಬ್ಬಳ್ಳಿ):
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಸ್ಟುಡಿಯೋ ಮುಚ್ಚಿ ಬಹಳ ವರ್ಷವಾಯಿತು. ನೆಗೆಟಿವ್‌ಗಳು ಮಾತ್ರ ಟ್ರಂಕುಗಳಲ್ಲಿ ಹಾಗೇ ಇವೆ. ಜಾಸ್ತಿ ಇರುವುದು 120 ಫಿಲ್ಮು, ಅಂದರೆ 35 ಎಂಎಂಗಿಂತ ಅಗಲದ ರೋಲು, ಚೌಕ ಫ್ರೇಮಿನವು. ಅದರ ಜೊತೆ ಮದುವೆ ಮನೆಗಳ 35 ಎಂಎಂ ಕಲರ್ ರೋಲುಗಳು. ಎಲ್ಲವನ್ನೂ ಒಂದು ಸಲ ಸರಿಯಾಗಿ ಸ್ಕ್ಯಾನ್ ಮಾಡಿಸಿ ಇಡೋಣ ಅಂತ ಮನೆಯಲ್ಲಿ ಮಾತಾಗಿದೆ.

ಈಗ ಆನ್‌ಲೈನ್‌ನಲ್ಲಿ ಒಂದು ನಿಕಾನ್ ಸೂಪರ್ ಕೂಲ್‌ಸ್ಕ್ಯಾನ್ 9000 ಇಡಿ ಫಿಲ್ಮ್ ಸ್ಕ್ಯಾನರ್ ಕಂಡಿದೆ. ಬೆಲೆ 95 ಸಾವಿರ. ಮಾರುವವರು ಪುಣೆಯವರಂತೆ. ಜಾಹೀರಾತಿನಲ್ಲಿ ಮೂರು ಫೋಟೋ ಇವೆ. "ಪವರ್ ಆನ್ ಆಗುತ್ತದೆ, ಕಂಪ್ಯೂಟರ್ ಇಲ್ಲದ್ದರಿಂದ ಟೆಸ್ಟ್ ಮಾಡಿಲ್ಲ" ಎಂದು ಬರೆದಿದ್ದಾರೆ. ಹತ್ತು ಸಾವಿರ ಅಡ್ವಾನ್ಸ್ ಹಾಕಿದರೆ ಬೇರೆಯವರಿಗೆ ಕೊಡದೆ ಹಿಡಿದಿಡುತ್ತೇನೆ ಅನ್ನುತ್ತಿದ್ದಾರೆ. ಇನ್ನೊಬ್ಬರು ಕೇಳುತ್ತಿದ್ದಾರಂತೆ, ಬೇಗ ಹೇಳಿ ಅಂತ ದಿನಾ ಮೆಸೇಜು.

ಮನಸ್ಸು ಆ ಕಡೆ ಎಳೆಯುತ್ತಿದೆ. ಈ ಮಷೀನು ಬಳಸಿದವರು ಇದ್ದರೆ ದಯವಿಟ್ಟು ಹೇಳಿ.

ಬ್ಯಾಡಗಿ_ಖಾರ (ಹಾವೇರಿ):
ಅಡ್ವಾನ್ಸ್ ಹಾಕಬೇಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಕೇಬಲ್_ಕಿರಿಕಿರಿ (ವಿದ್ಯಾನಗರ, ಹುಬ್ಬಳ್ಳಿ):
ಖಾರದವರು ಹೇಳಿದ್ದು ಸರಿ. ಸರ್, ನೀವು ಇಲ್ಲಿ ಎರಡು ಬೇರೆ ಬೇರೆ ಅಪಾಯ ನೋಡಬೇಕು. ಒಂದು, ಆ ಮನುಷ್ಯನ ಹತ್ತಿರ ಮಷೀನು ನಿಜವಾಗಿ ಇದೆಯಾ. ಎರಡು, ಇದ್ದರೂ ಅದು ನಡೆಯುತ್ತದಾ. ಮೊದಲನೆಯದನ್ನು ಒಂದು ಸಂಜೆಯಲ್ಲಿ ಪತ್ತೆ ಮಾಡಬಹುದು. ಎರಡನೆಯದೇ ದುಡ್ಡು ತಿನ್ನುವುದು.

ಮೊದಲನೆಯದಕ್ಕೆ, ಆ ಮೂರು ಫೋಟೋಗಳನ್ನು ಇಮೇಜ್ ಸರ್ಚ್‌ಗೆ ಹಾಕಿ ನೋಡಿ. ಬೇರೆ ದೇಶದ ಹಳೇ ಜಾಹೀರಾತಿನಿಂದ ಎತ್ತಿದ್ದಾದರೆ ಅಲ್ಲೇ ಗೊತ್ತಾಗುತ್ತದೆ. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಕು ಬರೆದು ಮಷೀನಿನ ಮೇಲೆ ಇಟ್ಟು ವಿಡಿಯೋ ಕಳಿಸಿ ಅಂತ ಕೇಳಿ. ಹಿಂದುಗಡೆಯ ಸೀರಿಯಲ್ ನಂಬರ್ ಪ್ಲೇಟೂ ಅದೇ ವಿಡಿಯೋದಲ್ಲಿ ಬರಲಿ. ಮಷೀನು ಇದ್ದವನಿಗೆ ಇದು ಎರಡು ನಿಮಿಷದ ಕೆಲಸ. ಇಲ್ಲದವನು ಸಿಟ್ಟಾಗುತ್ತಾನೆ.

ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ವಾಪಸ್ ಬರುತ್ತದೆ" ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ದುಡ್ಡು ತಗೊಳ್ಳೋಕೆ ಯುಪಿಐ ಪಿನ್ ಬೇಡ, ಕೊಡೋಕೆ ಮಾತ್ರ ಬೇಕು. ದುಡ್ಡು ಹೋಗಿಬಿಟ್ಟರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಬೇಕು. ಎಷ್ಟು ಬೇಗ ಮಾಡಿದರೆ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ.

ಇನ್ನು ಮಷೀನಿನ ಮಾತು. "ಕಂಪ್ಯೂಟರ್ ಇಲ್ಲ, ಟೆಸ್ಟ್ ಮಾಡಿಲ್ಲ" ಅನ್ನುವುದು ಹಳೇ ಸ್ಕ್ಯಾನರ್ ಮಾರುವವರ ಜಪ. ಕೂಲ್‌ಸ್ಕ್ಯಾನ್ 9000ಕ್ಕೆ ಇರುವುದು ಫೈರ್‌ವೈರ್ ಅನ್ನುವ ಹಳೇ ಕಾಲದ ಕೇಬಲ್ ಪೋರ್ಟ್, ಯುಎಸ್‌ಬಿ ಅಲ್ಲ. ಇವತ್ತಿನ ಯಾವ ಲ್ಯಾಪ್‌ಟಾಪ್‌ನಲ್ಲೂ ಅದು ಇರುವುದಿಲ್ಲ. ನಿಕಾನ್‌ನವರ ಸಾಫ್ಟ್‌ವೇರ್ ವಿಂಡೋಸ್ ವಿಸ್ಟಾ ಕಾಲಕ್ಕೇ ನಿಂತುಹೋಯಿತು. ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಅನ್ನುವ ಬೇರೆ ಕಂಪನಿಯ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಕೊಂಡು ನಡೆಸಬಹುದು, ಆದರೆ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಫೈರ್‌ವೈರ್ ಕಾರ್ಡ್ ಹಾಕಲೇಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ ಇರುವ ಕಾರ್ಡೇ ಹುಡುಕಿ, ಅದು ಕಿರಿಕಿರಿ ಮಾಡುವುದು ಕಡಿಮೆ. ಮ್ಯಾಕ್ ಇದ್ದರೆ ಒಂದಕ್ಕೊಂದು ಅಡಾಪ್ಟರ್ ಪೋಣಿಸಿ ಇಷ್ಟು ದಿನ ನಡೆಸುತ್ತಿದ್ದರು. 2025ರಲ್ಲಿ ಬಂದ ಮ್ಯಾಕ್‌ಓಎಸ್ ಟಹೋದಲ್ಲಿ ಫೈರ್‌ವೈರ್ ಅನ್ನೇ ಕಿತ್ತುಹಾಕಿದ್ದಾರೆ. ಹಳೇ ಓಎಸ್ ಇರುವ ಹಳೇ ಮ್ಯಾಕ್ ಇಟ್ಟುಕೊಂಡವರೇ ಗೆದ್ದರು.

ಇನ್ನೊಂದು ಮಾತು, ಇದನ್ನು ಹೇಳುವವರು ಕಡಿಮೆ. ಫೈರ್‌ವೈರ್ ಕೇಬಲ್‌ನಲ್ಲಿ ಕರೆಂಟೂ ಹರಿಯುತ್ತದೆ. ಆರು ಪಿನ್ನಿನ ಪ್ಲಗ್ಗು. ಸಾಕೆಟ್ಟು ಸವೆದು ಸಡಿಲವಾಗಿದ್ದರೆ ಒತ್ತಿದಾಗ ಉಲ್ಟಾ ಕೂಡ ಒಳಗೆ ಹೋಗಿಬಿಡುತ್ತದೆ. ಹೋದರೆ ಪವರ್ ಹೋಗಿ ಡೇಟಾ ಪಿನ್ನಿಗೆ ಬಡಿಯುತ್ತದೆ, ಒಳಗಿನ ಚಿಪ್ ಸುಟ್ಟೇ ಹೋಗುತ್ತದೆ. ಆಮೇಲೂ ಮಷೀನು ಚೆನ್ನಾಗಿಯೇ ಪವರ್ ಆನ್ ಆಗುತ್ತದೆ. ಮುಂದಿನ ದೀಪ ಉರಿಯುತ್ತದೆ, ಒಳಗೆ ಮೋಟಾರು ಗುಂಯ್ ಅನ್ನುತ್ತದೆ. ಕಂಪ್ಯೂಟರಿಗೆ ಮಾತ್ರ ಏನೂ ಕಾಣುವುದಿಲ್ಲ. ಈಗ ನಿಮ್ಮ ಮಾರಾಟಗಾರ ಬರೆದ ಸಾಲನ್ನು ಇನ್ನೊಮ್ಮೆ ಓದಿ.

ಹಳೇ_ಸ್ಟುಡಿಯೋ (ಹುಬ್ಬಳ್ಳಿ):
ಅಬ್ಬಾ. ಓದಿದೆ. ಚೀಟಿ ಇಟ್ಟು ವಿಡಿಯೋ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಫೋಟೋಗಳು ಇಮೇಜ್ ಸರ್ಚ್‌ನಲ್ಲಿ ಎಲ್ಲೂ ಸಿಗಲಿಲ್ಲ, ಹಾಗಾಗಿ ಅವರದ್ದೇ ಇರಬಹುದು ಅನಿಸುತ್ತದೆ.

ಬೆಟಗೇರಿ_ಆಫ್‌ಸೆಟ್ (ಗದಗ):
ತಮ್ಮಾ, ನಾನು ಪ್ರೆಸ್ಸಿನಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ಮಷೀನು ಕೈಗೆ ಬಂದ ಮೇಲೆ ಏನು ನೋಡಬೇಕು ಅಂತ ಹೇಳುತ್ತೇನೆ.

ಕೂಲ್‌ಸ್ಕ್ಯಾನ್ ಒಳಗೆ ಒಂದು ಕನ್ನಡಿ ಇದೆ. ಫಿಲ್ಮಿನ ಮೂಲಕ ಬಂದ ಬೆಳಕು ಅದಕ್ಕೆ ಬಡಿದು ಲೆನ್ಸಿಗೆ ತಿರುಗುತ್ತದೆ. ವರ್ಷಗಟ್ಟಲೆ ಅದರ ಮೇಲೆ ಧೂಳು ಕೂರುತ್ತದೆ. ನಮ್ಮ ಕಡೆಯ ಧೂಳು ಕೇಳಬೇಕಾ! ಕನ್ನಡಿ ಮಂಜಾದರೆ ಸ್ಲೈಡಿನಲ್ಲಿ (ನೇರವಾಗಿ ಪಾಸಿಟಿವ್ ಚಿತ್ರ ಇರುವ ಫಿಲ್ಮು) ಬೆಳ್ಳಗಿನ ಜಾಗದ ಅಂಚಿನಿಂದ ಕಪ್ಪಿನೊಳಗೆ ಬೆಳಕು ಹೊಗೆಯ ಹಾಗೆ ಸೋರುತ್ತದೆ. ನೆಗೆಟಿವ್ ಆದರೆ ಉಲ್ಟಾ, ಪಾಸಿಟಿವ್ ಮಾಡಿದಾಗ ಕಪ್ಪು ಕಡೆಯಿಂದ ಬಿಳಿ ಕಡೆಗೆ ಮಸಿ ಹರಡಿದಂತೆ ಕಾಣುತ್ತದೆ. ಬಿಳಿ ಪಂಚೆ ಉಟ್ಟವರ ಪಕ್ಕ ಕಪ್ಪು ಕೋಟು ಇರುವ ಫ್ರೇಮು ಹಾಕಿ ನೋಡು, ತಕ್ಷಣ ಸಿಕ್ಕಿಬೀಳುತ್ತದೆ. ಬಿಚ್ಚಿ ಒರೆಸಬಹುದು, ಆದರೆ ಅದು ಮುಂಭಾಗಕ್ಕೇ ಲೇಪ ಇರುವ ಕನ್ನಡಿ. ಮನೆಯ ಕನ್ನಡಿ ಒರೆಸಿದ ಹಾಗೆ ತಿಕ್ಕಿದರೆ ಲೇಪವೇ ಎದ್ದು ಬರುತ್ತದೆ.

ಎರಡನೇದು ಪಟ್ಟಿ. ಆಕಾಶ ಅಥವಾ ಸ್ಟುಡಿಯೋದ ಬರೀ ಪರದೆ ಇರುವ ಜಾಗದಲ್ಲಿ ಸಣ್ಣ ಸಣ್ಣ ಗೆರೆ ಬರುತ್ತವಾ ನೋಡಬೇಕು. 9000ರಲ್ಲಿ ಸೆನ್ಸರಿನ ಮೂರು ಸಾಲು ಒಟ್ಟಿಗೆ ಓದುತ್ತವೆ. ಸೂಪರ್ ಫೈನ್ ಅಂತ ಒಂದು ಆಯ್ಕೆ ಇದೆ, ಅದರಲ್ಲಿ ಒಂದೇ ಸಾಲು ಓದುತ್ತದೆ, ಗೆರೆ ಹೋಗುತ್ತದೆ. ಸಮಯ ಮಾತ್ರ ಎಳೆಯುತ್ತದೆ.

ಮೂರನೇದು ಹೋಲ್ಡರ್, ಫಿಲ್ಮು ಸಿಕ್ಕಿಸಿ ಒಳಗೆ ಬಿಡುವ ಚೌಕಟ್ಟು. ಇದನ್ನು ಮೊದಲೇ ಹೇಳಬೇಕಿತ್ತೇನೋ. ಈ ಮಷೀನಿಗೆ ಫೋಕಸ್ಸಿನ ಆಳ ಬಹಳ ಕಡಿಮೆ. ಹಳೇ 120 ಫಿಲ್ಮು ಟ್ರಂಕಿನಲ್ಲಿ ಬಿದ್ದು ಬಿದ್ದು ಸುರುಳಿಯಾಗಿರುತ್ತದೆ. ಮಷೀನಿನ ಜೊತೆ ಬರುವ ಹೋಲ್ಡರಿನಲ್ಲಿ ಗಾಜಿಲ್ಲ, ಅಂಚು ಹಿಡಿದು ಎಳೆಯುತ್ತದೆ ಅಷ್ಟೇ. ನಡುವೆ ಶಾರ್ಪು, ಮೂಲೆಗಳು ಮಂಜು. ಅದಕ್ಕೆ ಗಾಜಿನ ಹೋಲ್ಡರ್ ಬೇರೆ ಮಾಡಿದ್ದರು, ಎಫ್‌ಎಚ್-869ಜಿ ಅಂತ. ಅದು ಈಗ ಸಿಗುವುದೇ ಕಷ್ಟ, ಸಿಕ್ಕರೂ ಬೆಲೆ ಕೇಳಿದರೆ ಕುರ್ಚಿ ಹಿಡಿದುಕೊಳ್ಳಬೇಕು. ನಿನ್ನ ಜಾಹೀರಾತಿನಲ್ಲಿ ಹೋಲ್ಡರ್ ಫೋಟೋ ಇದೆಯಾ? ಹೋಲ್ಡರ್ ಇಲ್ಲದ 9000 ಕಪಾಟಿನ ಮೇಲೆ ಇಟ್ಟು ನೋಡೋಕೆ ಮಾತ್ರ.

ಹಳೇ_ಸ್ಟುಡಿಯೋ (ಹುಬ್ಬಳ್ಳಿ):
ಇಲ್ಲ ಕಾಕಾ. ಮಷೀನಿನ ಮುಂದೆ, ಹಿಂದೆ, ಮೇಲೆ. ಮೂರೇ ಫೋಟೋ.

ಉಣಕಲ್_ವಾಕರ್ (ಹುಬ್ಬಳ್ಳಿ):
ಸುಮ್ನೆ ಒಂದು ಪ್ರಶ್ನೆ. ಅಷ್ಟೆಲ್ಲ ಹೆಣಗುವ ಬದಲು ಹ್ಯಾಸೆಲ್‌ಬ್ಲಾಡ್ ಫ್ಲೆಕ್ಸ್‌ಟೈಟೋ ಡ್ರಮ್ ಸ್ಕ್ಯಾನರೋ ಹಳೆಯದು ತಗೊಂಡರೆ? ಎಲ್ಲೆಲ್ಲಿ ಓದಿದರೂ ಅವೇ ಎಲ್ಲಕ್ಕಿಂತ ಮೇಲು ಅಂತಾರೆ.

ಬೆಟಗೇರಿ_ಆಫ್‌ಸೆಟ್ (ಗದಗ):
ಮೇಲು ಹೌದು. ಆನೆ ಸಾಕುವ ಮನೆಯವರಿಗೆ ಮೇಲು.

ಡ್ರಮ್ ಸ್ಕ್ಯಾನರಿನ ಕೆಲಸ ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಗದಗದ ಪ್ರೆಸ್ಸುಗಳಿಂದ ಕ್ಯಾಲೆಂಡರಿನ ಟ್ರಾನ್ಸ್‌ಪರೆನ್ಸಿ (ದೊಡ್ಡ ಸ್ಲೈಡ್ ಫಿಲ್ಮು) ಎತ್ತಿಕೊಂಡು ಬೆಂಗಳೂರಿಗೆ ಹೋಗುತ್ತಿದ್ದೆವು. ಪಾರದರ್ಶಕ ಅಕ್ರಿಲಿಕ್ ಉರುಳೆಗೆ ಎಣ್ಣೆಯಂಥ ದ್ರವ ಹಚ್ಚಿ ಫಿಲ್ಮು ಅಂಟಿಸಬೇಕು, ಒಂದು ಗುಳ್ಳೆ ಇರಬಾರದು. ಆಮೇಲೆ ಉರುಳೆ ಗರಗರ ತಿರುಗುತ್ತದೆ, ಬೆಳಕು ಚುಕ್ಕೆ ಚುಕ್ಕೆಯಾಗಿ ಓದುತ್ತದೆ. ಓದುವುದು ಫೋಟೋಮಲ್ಟಿಪ್ಲೈಯರ್ ಟ್ಯೂಬು, ಬಹಳ ಸಣ್ಣ ಬೆಳಕನ್ನೂ ಹಿಡಿಯುವ ಟ್ಯೂಬು. ಪವರ್ ಇದ್ದಾಗ ಅದರ ಮೇಲೆ ಹೊರಗಿನ ಬೆಳಕು ಬಿದ್ದರೆ ಟ್ಯೂಬ್ ಕೆಡುತ್ತದೆ. ಗೊತ್ತಿಲ್ಲದವನು ಕವರ್ ಬಿಚ್ಚಿ "ಟೆಸ್ಟ್" ಮಾಡಿದ ಮಷೀನು ನಿನ್ನ ಮನೆಗೆ ಬಂದರೆ ಏನು ಮಾಡುತ್ತೀ? ಉರುಳೆಗೆ ಕೂದಲೆಳೆ ಬಿರುಕು ಬಿದ್ದಿದ್ದರೂ ಕಥೆ ಮುಗಿಯಿತು. ಕಂಪ್ಯೂಟರ್‌ಗೆ ಜೋಡಿಸುವುದು ಸ್ಕಸಿ ಅನ್ನುವ ಇನ್ನೂ ಹಳೇ ಕೇಬಲ್, ಸಾಫ್ಟ್‌ವೇರ್ ಎಷ್ಟೋ ಮಷೀನಿಗೆ ಹಳೇ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ. ಕೆಲವು ಮಷೀನು ಬಾಗಿಲಲ್ಲೇ ಹಿಡಿಸುವುದಿಲ್ಲ.

ಕೇಬಲ್_ಕಿರಿಕಿರಿ (ವಿದ್ಯಾನಗರ, ಹುಬ್ಬಳ್ಳಿ):
ಫ್ಲೆಕ್ಸ್‌ಟೈಟ್ ಬಗ್ಗೆ ನಾನು ಹೇಳುತ್ತೇನೆ. ಅದನ್ನು ಮಾಡಿದ್ದು ಡೆನ್ಮಾರ್ಕಿನ ಇಮಾಕಾನ್ ಕಂಪನಿ. 2004ರಲ್ಲಿ ಹ್ಯಾಸೆಲ್‌ಬ್ಲಾಡ್ ಜೊತೆ ಸೇರಿತು. ಗಾಜಿಲ್ಲ, ಬಾಗುವ ಅಯಸ್ಕಾಂತದ ಹೋಲ್ಡರಿನಲ್ಲಿ ಫಿಲ್ಮು ಸಿಕ್ಕಿಸಿದರೆ ಮಷೀನೇ ಅದನ್ನು ಕಮಾನಿನ ಹಾಗೆ ಬಗ್ಗಿಸುತ್ತದೆ. ಬಾಗಿದ ಫಿಲ್ಮು ಸೆಟೆದು ನಿಲ್ಲುತ್ತದೆ, ಅದಕ್ಕೇ ಆ ಶಾರ್ಪು. ನಿಜವಾಗಿ ಜಾಣತನದ ಕೆಲಸ. ಆದರೆ ಫ್ಲೆಕ್ಸ್‌ಕಲರ್ ಸಾಫ್ಟ್‌ವೇರ್ 32 ಬಿಟ್‌ದು. 2019ರಲ್ಲಿ ಬಂದ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ಈಚೆಗೆ ಅದು ತೆರೆಯುವುದೇ ಇಲ್ಲ. ಹಳೇ ಮಾಡೆಲ್‌ಗಳಿಗೆ ಸ್ಕಸಿ, ಆಮೇಲಿನವಕ್ಕೆ ಫೈರ್‌ವೈರ್. ಒಳಗಿನ ಬೆಲ್ಟು ಸವೆದರೆ ಫೋಟೋದಲ್ಲಿ ನಡುಕ ಬರುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದು, ಬೆಲ್ಟಿಗಾಗಿ ಪರದೇಶಕ್ಕೆ ಪತ್ರ ಬರೆಯುತ್ತಾ ಕೂರುವುದು ಯಾರಿಗೆ ಬೇಕು?

ವಾಕರ್ ಸರ್, ಬಳಸಿದ ಮಷೀನು ಜಪಾನಿನಿಂದ ತರಿಸುವ ಆಲೋಚನೆ ಇದ್ದರೂ ಒಂದು ಲೆಕ್ಕ ನೆನಪಿರಲಿ. ಕಸ್ಟಮ್ಸ್ ಸುಂಕ ಹಾಕುವುದು ಮಷೀನಿನ ಬೆಲೆಗಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯ ಖರ್ಚೂ ಕೂಡಿಸಿ. ಅಲ್ಲಿನ ಹರಾಜು ಸೈಟುಗಳಲ್ಲಿ "ಜಂಕ್" ಅಂತ ಹಾಕಿದ್ದರೆ ವಾಪಸ್ ತಗೊಳ್ಳುವುದಿಲ್ಲ ಅಂತಲೇ ಅರ್ಥ. ಅಲ್ಲಿ ಕರೆಂಟು 100 ವೋಲ್ಟ್, ಇಲ್ಲಿ 230. ಹಿಂದಿನ ಪ್ಲೇಟಿನಲ್ಲಿ 100-240 ಅಂತ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸ್ವಿಚ್ ಒತ್ತಬೇಡಿ.

ಪಾರ್ಸೆಲ್ ಬಗ್ಗೆಯೂ ಒಂದು ಮಾತು. ನನ್ನ ಗಿರಾಕಿಯೊಬ್ಬರಿಗೆ ಸ್ಕ್ಯಾನರ್ ಬಂದಿತ್ತು. ಡಬ್ಬಿಯ ಮೇಲೆ ಎಲ್ಲಾ ಕಡೆ ಗಾಜಿನ ಲೋಟದ ಚಿತ್ರ, ಒಳಗೆ ಎರಡು ಹಳೇ ಪೇಪರು ಮಾತ್ರ. ಅಲ್ಲಾಡಿಸಿದರೆ ಒಳಗೆ ಏನೋ ಗಡಗಡ. ಕೊರಿಯರ್‌ನವರು ಪ್ಯಾಕಿಂಗ್ ಸರಿಯಿಲ್ಲ ಅಂದರು, ಮಾರಿದವರು ಕೊರಿಯರ್‌ನವರ ತಪ್ಪು ಅಂದರು. ಡಬ್ಬಿ ಒಡೆಯುವಾಗ ಮೊದಲಿನಿಂದ ಕೊನೆವರೆಗೆ ಕಟ್ ಇಲ್ಲದ ವಿಡಿಯೋ ಮಾಡಿಕೊಂಡಿದ್ದರು, ಅದರಿಂದ ಅರ್ಧ ದುಡ್ಡಾದರೂ ವಾಪಸ್ ಬಂತು.

ಬ್ಯಾಡಗಿ_ಖಾರ (ಹಾವೇರಿ):
ಪುಣೆ ಏನು ಅಮೆರಿಕವಾ? ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿ. ನಿಮ್ಮದೇ ನೆಗೆಟಿವ್ ಒಂದು ಜೇಬಲ್ಲಿಟ್ಟುಕೊಂಡು ಹೋಗಿ. ಎದುರಿಗೆ ಸ್ಕ್ಯಾನ್ ಮಾಡಿ ತೋರಿಸಲಿ, ದುಡ್ಡು ಎಣಿಸಿ. ಮಾಡಿ ತೋರಿಸಲು ಆಗದಿದ್ದರೆ ಶ್ರೀಖಂಡ ತಿಂದು ವಾಪಸ್ ಬನ್ನಿ. ಇಷ್ಟಕ್ಕೇಕೆ ಇಷ್ಟುದ್ದ ಮಾತು.

ಕೇಬಲ್_ಕಿರಿಕಿರಿ (ವಿದ್ಯಾನಗರ, ಹುಬ್ಬಳ್ಳಿ):
ಹೋಗುವುದು ಒಳ್ಳೆಯದೇ. ಆದರೆ ಅವರ ಹತ್ತಿರ ಕಂಪ್ಯೂಟರ್ ಇಲ್ಲ ಅಂತಿದ್ದಾರಲ್ಲ! ನನ್ನ ಹತ್ತಿರ ಫೈರ್‌ವೈರ್ ಕಾರ್ಡ್ ಹಾಕಿದ ಹಳೇ ಡೆಸ್ಕ್‌ಟಾಪ್ ಇದೆ. ಹೊತ್ತುಕೊಂಡು ಹೋಗುವವರಿದ್ದರೆ ಕೊಡುತ್ತೇನೆ.

ಸಪ್ತಾಪುರ_ಶಟರ್ (ಧಾರವಾಡ):
ಎಲ್ಲ ಓದಿದೆ. ಮಷೀನಿನ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಟ್ರಂಕಿನಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ ಅಲ್ವಾ?

ಹಳೇ ಸ್ಟುಡಿಯೋದವರೇ, ನಿಮ್ಮ 120 ನೆಗೆಟಿವ್‌ಗಳು ಬ್ಲ್ಯಾಕ್ ಆ್ಯಂಡ್ ವೈಟಾ? ಸ್ಟುಡಿಯೋ ಪೋರ್ಟ್ರೇಟುಗಳಾ? ಹಾಗಿದ್ದರೆ ಒಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ಮುಖದ ಜಾಗ ನೋಡಿ. ನುಣುಪಲ್ಲದ ಕಡೆ ಕಣ್ಣಿನ ಕೆಳಗೆ, ಹಣೆಯ ಮೇಲೆ, ಬಾಯಿಯ ಪಕ್ಕ ಸಣ್ಣ ಸಣ್ಣ ಪೆನ್ಸಿಲ್ ಗುರುತು ಕಾಣುತ್ತವಾ? ಹೇಳಿ, ಆಮೇಲೆ ಮುಂದಿನ ಮಾತು.

ಹಳೇ_ಸ್ಟುಡಿಯೋ (ಹುಬ್ಬಳ್ಳಿ):
ಅಕ್ಕಾ, ಈಗಷ್ಟೇ ಟ್ರಂಕು ತೆಗೆದು ನೋಡಿದೆ. ಹೌದು! ಮೊದಲು ಕೊಳೆ ಅಂದುಕೊಂಡೆ. ಲೆನ್ಸ್ ಇಟ್ಟು ನೋಡಿದರೆ ಪೆನ್ಸಿಲ್. ಸಣ್ಣ ಸಣ್ಣ ಸುಳಿ, ಅಲ್ಪವಿರಾಮದ ಹಾಗೆ, ಒಂದರ ಪಕ್ಕ ಒಂದು. ಒಬ್ಬ ಅಜ್ಜಿಯ ಮುಖದ ತುಂಬ ಇವೆ. ಬಹುತೇಕ ಎಲ್ಲಾ ಪೋರ್ಟ್ರೇಟುಗಳಲ್ಲಿ ಇದೆ. ಬಹುತೇಕ ಎಲ್ಲ ಬ್ಲ್ಯಾಕ್ ಆ್ಯಂಡ್ ವೈಟ್. ಕೆಳಗಿನ ಡಬ್ಬಿಯಲ್ಲಿ ದೊಡ್ಡ ಶೀಟ್ ನೆಗೆಟಿವ್‌ಗಳೂ ಸಿಕ್ಕವು, ಮೂರೂಕಾಲು ನಾಲ್ಕೂಕಾಲು ಇಂಚಿನವು. ಒಂದು ಪಾಕೀಟಿನಿಂದ ವಿನಿಗರ್ ವಾಸನೆ ಬರುತ್ತಿದೆ.

ಸಪ್ತಾಪುರ_ಶಟರ್ (ಧಾರವಾಡ):
ಅದೇ ನಾನು ಅಂದುಕೊಂಡದ್ದು. ಸ್ಟುಡಿಯೋದಲ್ಲಿ ರೀಟಚಿಂಗ್ ಮಾಡುವವರ ಕೈಕೆಲಸ ಅದು. ಮುಖದ ಸುಕ್ಕು ನೆಗೆಟಿವ್‌ನಲ್ಲಿ ತೆಳ್ಳಗಿನ ಗೆರೆಯಾಗಿ ಇರುತ್ತದೆ. ಅದನ್ನು ಪೆನ್ಸಿಲ್‌ನಿಂದ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಮಾಯ. ನೆಗೆಟಿವ್‌ನಿಂದ ಪ್ರಿಂಟ್ ಹಾಕುವ ಎನ್‌ಲಾರ್ಜರಿನ ಮೃದು ಬೆಳಕಿಗೆ ಅದು ಹೊಂದಿಕೊಳ್ಳುತ್ತಿತ್ತು.

ಈಗ ನೋಡಿ. ಕೂಲ್‌ಸ್ಕ್ಯಾನಿಗೆ ಜನ ದುಡ್ಡು ಸುರಿಯುವುದಕ್ಕೆ ದೊಡ್ಡ ಕಾರಣ ಡಿಜಿಟಲ್ ಐಸ್. ಇನ್‌ಫ್ರಾರೆಡ್ ಬೆಳಕಿನಿಂದ ಧೂಳು, ಗೀರು ಪತ್ತೆ ಮಾಡಿ ತಾನೇ ಅಳಿಸುತ್ತದೆ. ಕಲರ್ ನೆಗೆಟಿವ್‌ಗೆ ಅದು ವರವೇ ಸರಿ. ಆದರೆ ಬ್ಲ್ಯಾಕ್ ಆ್ಯಂಡ್ ವೈಟ್ ಫಿಲ್ಮಿನಲ್ಲಿ ಚಿತ್ರ ಇರುವುದೇ ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ಡನ್ನು ತಡೆಯುತ್ತದೆ. ಮಷೀನು ಚಿತ್ರವನ್ನೇ ಧೂಳು ಅಂದುಕೊಂಡು ಮುಖ ಕೆಡಿಸುತ್ತದೆ. ಹಾಗಾಗಿ ನಿಮ್ಮ ನೆಗೆಟಿವ್‌ಗೆ ಐಸ್ ಆಫ್. ಇನ್ನು ಅದರ ಎಲ್‌ಇಡಿ ಬೆಳಕು ಗೀರು, ಗ್ರೇನು (ಫಿಲ್ಮಿನ ಕಣ) ಎಲ್ಲವನ್ನೂ ಎದ್ದು ಕಾಣಿಸುತ್ತದೆ ಅನ್ನುವುದು ಹಳೇ ದೂರು. ಅಜ್ಜಿಯ ಮುಖದ ಪೆನ್ಸಿಲೂ ಹಾಗೇ ಎದ್ದು ಬರುತ್ತದೆ. ಆ ದೊಡ್ಡ ಶೀಟ್ ನೆಗೆಟಿವ್ ಇದೆಯಲ್ಲ, ಅದು 9000ದ ಒಳಗೆ ಹೋಗುವುದೇ ಇಲ್ಲ. 6x9 ಸೆಂಟಿಮೀಟರಿಗೆ ಅದರ ಮಿತಿ ಮುಗಿಯಿತು.

ಅಂದರೆ ಮಷೀನು ನಿಜ, ಚಾಲ್ತಿಯಲ್ಲಿದೆ, ಹೋಲ್ಡರೂ ಇದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ನಿಮ್ಮ ಅರ್ಧ ಟ್ರಂಕಿಗೆ ಅದು ಉಪಯೋಗವಿಲ್ಲ.

ಬೆಟಗೇರಿ_ಆಫ್‌ಸೆಟ್ (ಗದಗ):
ಅಕ್ಕಾರ ಮಾತು ಒಪ್ಪಿದೆ. ಸುರುಳಿ ಫಿಲ್ಮಿಗೆ ದ್ರವ ಹಚ್ಚಿ ಗಾಜಿಗೆ ಅಂಟಿಸಿ ಸ್ಕ್ಯಾನ್ ಮಾಡು ಅಂತ ಹೇಳಬೇಕು ಅಂತಿದ್ದೆ. ಗೀರು ಕೂಡ ಮುಚ್ಚಿಹೋಗುತ್ತವೆ.

ಸಪ್ತಾಪುರ_ಶಟರ್ (ಧಾರವಾಡ):
ಬೇಡ ಕಾಕಾ, ಇವಕ್ಕೆ ಬೇಡವೇ ಬೇಡ. ದ್ರವ ತಾಗಿದರೆ ಪೆನ್ಸಿಲ್ ಕೆಲಸ ಅಳಿಸಿಹೋಗಬಹುದು. ನೀರು, ಸ್ಪಿರಿಟ್, ಫಿಲ್ಮ್ ಕ್ಲೀನರ್ ಯಾವುದೂ ಆ ಕಡೆ ಹಚ್ಚಬಾರದು. ಗಾಳಿ ಊದುವ ರಬ್ಬರ್ ಬಲ್ಬ್, ಮೆತ್ತನೆ ಬ್ರಶ್, ಅಷ್ಟೇ.

ಬೆಟಗೇರಿ_ಆಫ್‌ಸೆಟ್ (ಗದಗ):
ಸರಿ ಸರಿ. ಪ್ರೆಸ್ಸಿಗೆ ಬರುತ್ತಿದ್ದ ಫಿಲ್ಮಿಗೆ ಪೆನ್ಸಿಲ್ ಇರುತ್ತಿರಲಿಲ್ಲ. ತಮ್ಮಾ, ವಿನಿಗರ್ ವಾಸನೆಯ ಪಾಕೀಟನ್ನು ಇವತ್ತೇ ಬೇರೆ ಇಡು. ಅಸಿಟೇಟ್ ಫಿಲ್ಮು ಕೊಳೆಯುವ ವಾಸನೆ ಅದು. ಪಕ್ಕದ್ದಕ್ಕೂ ಹತ್ತುತ್ತದೆ. ಅದರಲ್ಲಿರುವುದನ್ನೇ ಮೊದಲು ಸ್ಕ್ಯಾನ್ ಮಾಡಬೇಕು, ಮುದುಡಿದ ಮೇಲೆ ಯಾವ ಮಷೀನೂ ಹಿಡಿಯುವುದಿಲ್ಲ.

ಫ್ಲಾಟ್‌ಬೆಡ್_ಫ್ಯಾನ್ (ರಾಣೆಬೆನ್ನೂರು):
ನನ್ನ ಓಟು ಎಪ್ಸನ್ ವಿ850 ಫ್ಲಾಟ್‌ಬೆಡ್ ಸ್ಕ್ಯಾನರಿಗೆ, ಗಾಜಿನ ಮೇಲೆ ಫಿಲ್ಮು ಇಡುವಂಥದ್ದು. 2014ರಲ್ಲಿ ಬಂದ ಮಾಡೆಲ್, ಯುಎಸ್‌ಬಿ, ಎಲ್‌ಇಡಿ. ಶೀಟ್ ನೆಗೆಟಿವ್ ಎಲ್ಲಾ ಹಿಡಿಯುತ್ತದೆ. ಡಬ್ಬಿಯ ಮೇಲೆ 6400 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ) ಅಂತ ಇರುತ್ತದೆ, ನಂಬಬೇಡಿ, ನಿಜವಾಗಿ ಸಿಗುವುದು ಅದರ ಅರ್ಧಕ್ಕೂ ಕಡಿಮೆ. 120ಕ್ಕೆ ಅಷ್ಟು ಸಾಕು. 35 ಎಂಎಂಗೆ ಸಾಲದು. ಬಳಸಿದ್ದು ಕೊಂಡರೆ ಸಾಗಣೆಯಲ್ಲಿ ಒಳಭಾಗ ಅಲ್ಲಾಡದಂತೆ ಇರುವ ಲಾಕ್ ಹಾಕಿ ಕಳಿಸಲು ಹೇಳಿ. ಗಾಜಿನ ಒಳಮೈಯಲ್ಲಿ ಮಂಜು ಕಟ್ಟಿದೆಯಾ ಅಂತ ಟಾರ್ಚು ಬಿಟ್ಟು ನೋಡಿ.

ಸಪ್ತಾಪುರ_ಶಟರ್ (ಧಾರವಾಡ):
35 ಎಂಎಂಗೆ ಕ್ಯಾಮೆರಾ ಸಾಕು. ಲೆಕ್ಕ ನೋಡಿ. 4000 ಡಿಪಿಐನಲ್ಲಿ ಒಂದು 35 ಎಂಎಂ ಫ್ರೇಮು ಸುಮಾರು 21 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾಗೆ ಬಹಳ ಹತ್ತಿರದಿಂದ ತೆಗೆಯುವ ಒಳ್ಳೆಯ ಮ್ಯಾಕ್ರೋ ಲೆನ್ಸ್ ಹಾಕಿ, ಕೆಳಗೆ ಲೈಟ್ ಪ್ಯಾಡ್ ಇಟ್ಟರೆ ಅಲ್ಲಿಗೇ ಬರುತ್ತೀರಿ. 120 ಫ್ರೇಮು ತುಂಡು ತುಂಡಾಗಿ ತೆಗೆದು ಜೋಡಿಸಬಹುದು. ಲೈಟ್ ಪ್ಯಾಡಿನ ಬೆಳಕು ಮೃದು, ಪೆನ್ಸಿಲೂ ಅಷ್ಟು ಚುಚ್ಚುವುದಿಲ್ಲ. ಕಷ್ಟ ಇರುವುದು ಕ್ಯಾಮೆರಾ ಮತ್ತು ಫಿಲ್ಮು ಸಮಾನಾಂತರ ಇರುವಂತೆ ನಿಲ್ಲಿಸುವುದರಲ್ಲಿ. ಫಿಲ್ಮಿನ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಇಡಿ. ವ್ಯೂಫೈಂಡರಿನ ನಟ್ಟ ನಡುವೆ ನಿಮ್ಮ ಲೆನ್ಸಿನ ಕಣ್ಣೇ ಕಾಣಬೇಕು. ಆಚೀಚೆ ಕಂಡರೆ ಕ್ಯಾಮೆರಾ ವಾಲಿದೆ ಅಂತ. ಮದುವೆಯ ಕಲರ್ ರೋಲುಗಳಿಗೆ ಮಾತ್ರ ಐಸ್ ಇಲ್ಲದ್ದು ನೆನಪಾಗುತ್ತದೆ, ಧೂಳು ಕೈಯಿಂದಲೇ ತೆಗೆಯಬೇಕು. ಅದು ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ.

ಹಳೇ_ಸ್ಟುಡಿಯೋ (ಹುಬ್ಬಳ್ಳಿ):
ಮಾರಾಟಗಾರರ ಉತ್ತರ ಬಂತು. ಚೀಟಿ ಇಟ್ಟ ವಿಡಿಯೋ ಕಳಿಸಿದ್ದಾರೆ, ಅಂದರೆ ಮಷೀನು ಇದೆ. ಪಾಪ, ಮೋಸದವರಲ್ಲ ಅನಿಸುತ್ತದೆ. ಹೋಲ್ಡರ್ ಕೇಳಿದರೆ "ಅದು ಬೇರೆಯವರಿಗೆ ಮಾರಿದ್ದೇನೆ" ಅಂದರು. ವಿಡಿಯೋದಲ್ಲಿ ಮುಂದಿನ ದೀಪ ಬೇಗ ಬೇಗ ಮಿಣುಕುತ್ತಿದೆ, ನಿಲ್ಲುವುದೇ ಇಲ್ಲ.

ಕೇಬಲ್_ಕಿರಿಕಿರಿ (ವಿದ್ಯಾನಗರ, ಹುಬ್ಬಳ್ಳಿ):
ಆರಂಭದಲ್ಲಿ ನಿಧಾನಕ್ಕೆ ಮಿಣುಕಿ ಆಮೇಲೆ ದೀಪ ನಿಂತು ಉರಿಯಬೇಕು. ಬೇಗ ಬೇಗ ಮಿಣುಕಿದರೆ ಒಳಗೆ ದೋಷ. ಬಿಟ್ಟುಬಿಡಿ.

ಹಳೇ_ಸ್ಟುಡಿಯೋ (ಹುಬ್ಬಳ್ಳಿ):
ಬಿಟ್ಟೆ. ಅಕ್ಕಾ, ಈ ಭಾನುವಾರ ವಿನಿಗರ್ ಪಾಕೀಟು ಮತ್ತು ಹತ್ತು ಶೀಟ್ ನೆಗೆಟಿವ್ ತೆಗೆದುಕೊಂಡು ಧಾರವಾಡಕ್ಕೆ ಬರಲಾ? ನಿಮ್ಮ ಕ್ಯಾಮೆರಾ ವ್ಯವಸ್ಥೆ ನೋಡಬೇಕು.

ಸಪ್ತಾಪುರ_ಶಟರ್ (ಧಾರವಾಡ):
ಬನ್ನಿ. ಹತ್ತಿ ಕೈಗವಸು ತನ್ನಿ. ವಿನಿಗರ್ ಪಾಕೀಟು ಬೇರೆ ಚೀಲದಲ್ಲಿ.

ಉಣಕಲ್_ವಾಕರ್ (ಹುಬ್ಬಳ್ಳಿ):
ನನ್ನ ಹತ್ತಿರ ಬರೀ 35 ಎಂಎಂ ಕಲರ್ ಇದೆ, ನೂರಾರು ರೋಲು. ಹಾಗಾದರೆ ಕೂಲ್‌ಸ್ಕ್ಯಾನ್ 5000 ಹುಡುಕಿದರೆ ತಪ್ಪಾ?

ಕೇಬಲ್_ಕಿರಿಕಿರಿ (ವಿದ್ಯಾನಗರ, ಹುಬ್ಬಳ್ಳಿ):
ತಪ್ಪಿಲ್ಲ. ಅದು ಯುಎಸ್‌ಬಿ, ಫೈರ್‌ವೈರ್ ತಲೆನೋವಿಲ್ಲ, ಕಲರಿಗೆ ಐಸ್ ಕೆಲಸಕ್ಕೆ ಬರುತ್ತದೆ. ಕತ್ತರಿಸಿದ ಫಿಲ್ಮು ಪಟ್ಟಿ ಒಳಗೆ ಎಳೆದುಕೊಳ್ಳುವ ಎಸ್‌ಎ-21 ಸ್ಟ್ರಿಪ್ ಅಡಾಪ್ಟರ್ ಜೊತೆಗಿದೆಯಾ ಕೇಳಿ. ನಿಮ್ಮದೇ ಒಂದು ನೆಗೆಟಿವ್ ಪೋಸ್ಟಿನಲ್ಲಿ ಕಳಿಸಿ, ಅದನ್ನೇ 4000 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಗುಣಮಟ್ಟ ಕಳೆಯದ ಟಿಫ್ ಫೈಲು ಗೂಗಲ್ ಡ್ರೈವ್‌ಗೆ ಹಾಕಿಸಿ. ವಾಟ್ಸಾಪ್‌ನಲ್ಲಿ ಬೇಡ, ಅದು ಫೋಟೋ ಹಿಂಡಿಬಿಡುತ್ತದೆ. ಬೆಟಗೇರಿ ಕಾಕಾ ಹೇಳಿದ ಮಸಿ ಹರಡುವುದನ್ನು ಅದರಲ್ಲೇ ನೋಡಿ.